‘ಯುಜಿಸಿ ಅಪ್ರೂವ್ಡ್’ ಎಂಬ ಮಾತಿಗೆ ಮರುಳಾಗಬೇಡಿ: ಆನ್‌ಲೈನ್ ಕೌನ್ಸೆಲಿಂಗ್ ಪಿಜಿಗೆ ದುಡ್ಡು ಕಟ್ಟುವ ಮುನ್ನ

ದಾವಣಗೆರೆ, ಚಿತ್ರದುರ್ಗದ ಕಡೆ ಬಿ.ಎ., ಬಿ.ಎಡ್., ನರ್ಸಿಂಗ್ ಮುಗಿಸಿ ಕೆಲಸದಲ್ಲಿರುವವರಿಗೆ ಬರುವ ಫೋನ್ ಕರೆ ಹೆಚ್ಚುಕಡಿಮೆ ಒಂದೇ ಥರದ್ದು. “ಮೇಡಂ, ಮನೇಲೇ ಕೂತು ಕೌನ್ಸೆಲಿಂಗ್ ಸೈಕಾಲಜಿಲಿ ಪಿಜಿ ಮಾಡ್ಬಹುದು, ಯುಜಿಸಿ ಅಪ್ರೂವ್ಡ್, ಇವತ್ತೇ ಸೀಟ್ ಬ್ಲಾಕ್ ಮಾಡಿದ್ರೆ ಡಿಸ್ಕೌಂಟ್.” ಇದನ್ನು ನಂಬಿ ದಾವಣಗೆರೆಯ ಶಿಕ್ಷಕಿಯೊಬ್ಬರು ದುಡ್ಡು ಕಟ್ಟಿದರು. ಮೊದಲು ಬುಕಿಂಗ್ ಹಣ ಯಾರದೋ ಯುಪಿಐ ನಂಬರಿಗೆ ಹೋಯಿತು. ಉಳಿದದ್ದಕ್ಕೆ ‘ಬಡ್ಡಿ ಇಲ್ಲದ ಕಂತು’ ಎಂದು ಹೇಳಿ ಓಟಿಪಿ ಕೇಳಿದರು. ಕೊಟ್ಟಿದ್ದೇ ಅವರ ಹೆಸರಿನಲ್ಲಿ ಸಾಲ ಮಂಜೂರಾಯಿತು, ಪೂರ್ತಿ ಮೊತ್ತ ಕಂಪನಿಯ ಖಾತೆ ಸೇರಿತು. ಆಮೇಲೆ ಬಂದದ್ದು ರೆಕಾರ್ಡ್ ಮಾಡಿದ ವಿಡಿಯೊಗಳು ಮತ್ತು ಒಂದು ವಾಟ್ಸ್ಆ್ಯಪ್ ಗುಂಪು. ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ ಮಾತ್ರ ಬರಲಿಲ್ಲ. ಪಟ್ಟು ಹಿಡಿದು ಕೇಳಿದಾಗ ಗೊತ್ತಾದದ್ದು: ಅವರು ಸೇರಿದ್ದು ಸ್ನಾತಕೋತ್ತರ ಪದವಿಗಲ್ಲ, ಕಂಪನಿಯೇ ಕೊಡುವ ಒಂದು ಸರ್ಟಿಫಿಕೇಟ್ ಕೋರ್ಸಿಗೆ.

ಇಲ್ಲಿ ಮೋಸ ನಿಂತಿರುವುದೇ ಅರ್ಧ ಸತ್ಯದ ಮೇಲೆ. ವಿಶ್ವವಿದ್ಯಾಲಯಕ್ಕೆ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಮಾನ್ಯತೆ ಇರಬಹುದು. ಆದರೆ ಆ ಕೋರ್ಸನ್ನು, ಆನ್‌ಲೈನಿನಲ್ಲಿ, ಈ ವರ್ಷ ನಡೆಸಲು ಅನುಮತಿ ಇದೆಯೇ ಎಂಬುದು ಬೇರೆಯೇ ಪ್ರಶ್ನೆ. ಮನಶ್ಶಾಸ್ತ್ರದ ಮಟ್ಟಿಗೆ ಉತ್ತರ ಸ್ಪಷ್ಟವಾಗಿದೆ. 2021ರ ಅಲೈಡ್ (ವೈದ್ಯಕೀಯ ಪೂರಕ) ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆಯ ವ್ಯಾಪ್ತಿಗೆ ಬರುವ ವಿಷಯಗಳನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ನಡೆಸಬಾರದೆಂದು ಯುಜಿಸಿ ಆದೇಶಿಸಿದೆ. 2025ರ ಜುಲೈ–ಆಗಸ್ಟ್ ಪ್ರವೇಶದಿಂದಲೇ ಅದು ಜಾರಿ. ಸೈಕಾಲಜಿ ಆ ಪಟ್ಟಿಯಲ್ಲಿ ಹೆಸರು ಸಮೇತ ಇದೆ, ಜೊತೆಗೆ ಮೈಕ್ರೋಬಯಾಲಜಿ, ಆಹಾರ ಮತ್ತು ಪೋಷಣೆ ವಿಜ್ಞಾನ ಮುಂತಾದವೂ ಇವೆ. ಅದಕ್ಕೂ ಮೊದಲಿನ ಬ್ಯಾಚಿನವರ ವಿಷಯ ಬೇರೆ, ಆದೇಶ ಇರುವುದು ಹೊಸ ಪ್ರವೇಶಕ್ಕೆ. ಆದ್ದರಿಂದ ಈಗ ಯಾರಾದರೂ “ಆನ್‌ಲೈನ್ ಎಂ.ಎಸ್ಸಿ. ಸೈಕಾಲಜಿ, ಹೊಸ ಬ್ಯಾಚ್” ಎಂದರೆ ಅಲ್ಲೇ ಫೋನ್ ಇಡಬಹುದು. ಜಾಣರಾದವರು ‘ಸೈಕಾಲಜಿ’ ಎಂಬ ಪದ ತೆಗೆದು ‘ವೆಲ್‌ನೆಸ್’, ‘ಮೆಂಟಲ್ ಹೆಲ್ತ್ ಕೋಚಿಂಗ್’ ಎಂದು ಬೋರ್ಡು ಬದಲಿಸುತ್ತಾರೆ.

ಪರೀಕ್ಷಿಸುವುದು ಕಷ್ಟವೇನಲ್ಲ. ಯುಜಿಸಿಯ ದೂರಶಿಕ್ಷಣ ಬ್ಯೂರೊ, ಅಂದರೆ ಡೆಬ್, ಅದರ ಜಾಲತಾಣದಲ್ಲಿ ಅನುಮತಿ ಪಡೆದ ಕೋರ್ಸುಗಳ ಪಟ್ಟಿ ಇದೆ. ವಿಶ್ವವಿದ್ಯಾಲಯದ ಹೆಸರು, ಕೋರ್ಸಿನ ಪೂರ್ತಿ ಹೆಸರು, ದೂರಶಿಕ್ಷಣವೋ ಆನ್‌ಲೈನೋ, ಯಾವ ಪ್ರವೇಶದ ಅವಧಿ, ನಾಲ್ಕೂ ಹೊಂದಬೇಕು. ಮೂರು ಹೊಂದಿ ಒಂದು ತಪ್ಪಿದರೂ ಲೆಕ್ಕಕ್ಕಿಲ್ಲ. ಇನ್ನೊಂದು ಗುರುತು ಡೆಬ್ ಐಡಿ. ದೂರಶಿಕ್ಷಣ ಅಥವಾ ಆನ್‌ಲೈನ್ ಪದವಿಗೆ ಸೇರುವ ವಿದ್ಯಾರ್ಥಿ ತನ್ನ ಎಬಿಸಿ ಐಡಿ (ಓದಿನ ಕ್ರೆಡಿಟ್ ಜಮಾ ಆಗುವ ಸರ್ಕಾರಿ ಖಾತೆಯ ಸಂಖ್ಯೆ) ಬಳಸಿ ಇದನ್ನು ತಾನೇ ಮಾಡಿಕೊಳ್ಳಬೇಕು. “ನಮ್ಮ ಕೋರ್ಸಿಗೆ ಅದು ಬೇಡ ಮೇಡಂ” ಎಂದು ಏಜೆಂಟ್ ಅಂದರೆ, ಅದು ಪದವಿ ಕೋರ್ಸೇ ಅಲ್ಲ ಎಂದು ಅವನೇ ಒಪ್ಪಿಕೊಂಡ ಹಾಗೆ. ಹೊರರಾಜ್ಯದ ಖಾಸಗಿ ವಿಶ್ವವಿದ್ಯಾಲಯದ ಹೆಸರಲ್ಲಿ ವಿದ್ಯಾನಗರದಲ್ಲೋ ಬಿ.ಡಿ. ರಸ್ತೆಯಲ್ಲೋ ‘ಸ್ಟಡಿ ಸೆಂಟರ್’ ಬೋರ್ಡು ಕಂಡರೂ ಅನುಮಾನ ಪಡಿ. ದೂರಶಿಕ್ಷಣಕ್ಕೆ ಅಂಥ ವಿಶ್ವವಿದ್ಯಾಲಯ ತನ್ನ ರಾಜ್ಯದ ಗಡಿ ದಾಟುವಂತಿಲ್ಲ, ಫ್ರಾಂಚೈಸಿ ಕೊಡುವುದಂತೂ ನಿಷಿದ್ಧ.

ಮಾನ್ಯತೆಗಿಂತ ದೊಡ್ಡ ಹೊಂಡ ಪ್ರಾಯೋಗಿಕ ತರಬೇತಿಯದು, ಅಂದರೆ ಪ್ರಾಕ್ಟಿಕಮ್‌ನದು. ಆಪ್ತಸಮಾಲೋಚನೆ ಓದಿ ಬರುವ ವಿದ್ಯೆಯಲ್ಲ. ಅನುಭವಿ ಮೇಲ್ವಿಚಾರಕರ ಕಣ್ಣೆದುರು ನಿಜವಾದ ಕ್ಲೈಂಟ್ ಜೊತೆ ಕೂತೇ ಕಲಿಯಬೇಕು. ಅಮೆರಿಕದಲ್ಲಿ ಕೌನ್ಸೆಲಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಕಾಕ್ರೆಪ್ ಸಂಸ್ಥೆ, ಕೋರ್ಸು ಆನ್‌ಲೈನೇ ಇರಲಿ, 100 ಗಂಟೆ ಪ್ರಾಕ್ಟಿಕಮ್, ಅದಾದ ಮೇಲೆ 600 ಗಂಟೆ ಇಂಟರ್ನ್‌ಶಿಪ್ ಕೇಳುತ್ತದೆ. ಅದರಲ್ಲಿ ಕ್ಲೈಂಟ್ ಜೊತೆಗಿನ ನೇರ ಕೆಲಸವೇ ಕ್ರಮವಾಗಿ 40 ಮತ್ತು 240 ಗಂಟೆ. ಅಲ್ಲಿ ಪಾಠ ಆನ್‌ಲೈನ್, ತರಬೇತಿ ಮಾತ್ರ ವಿದ್ಯಾರ್ಥಿಯ ಊರಿನ ಕ್ಲಿನಿಕ್ಕಿನಲ್ಲಿ. ನಮ್ಮ ಶಿಕ್ಷಕಿಗೆ ಸಿಕ್ಕಿದ್ದು ಜೂಮ್‌ನಲ್ಲಿ ಸಹಪಾಠಿಗಳ ನಟನೆ, ಜೊತೆಗೆ “ಮನೆಯವರ ಮೇಲೇ ಐದು ಕೇಸ್ ಹಿಸ್ಟರಿ ಬರೆದು ಅಪ್‌ಲೋಡ್ ಮಾಡಿ” ಎಂಬ ಸೂಚನೆ. ಮನೆಯವರನ್ನೇ ಕ್ಲೈಂಟ್ ಮಾಡಿಕೊಳ್ಳಬಾರದು ಎಂಬುದು ಈ ವೃತ್ತಿಯ ಮೊದಲ ಪಾಠ! ಏಜೆಂಟ್ ಕೊಟ್ಟ ಪತ್ರ ಹಿಡಿದು ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋದರೆ ಒಳಗೆ ಬಿಡಲಿಲ್ಲ, ಬಿಡದಿದ್ದದ್ದೇ ಸರಿ. ರೋಗಿಯ ಗುಟ್ಟಿನ ಹೊಣೆ ಯಾರದು, ಎದುರು ಕೂತ ಕ್ಲೈಂಟ್ ಆತ್ಮಹತ್ಯೆಯ ಮಾತೆತ್ತಿದರೆ ಯಾರಿಗೆ ಒಪ್ಪಿಸಬೇಕು ಎಂಬುದೆಲ್ಲ ಕಾಲೇಜು ಮತ್ತು ಆಸ್ಪತ್ರೆ ನಡುವಿನ ಲಿಖಿತ ಒಪ್ಪಂದದಲ್ಲಿ ಇರಬೇಕು. ಹಾಗಾಗಿ ಯಾವ ಕೋರ್ಸೇ ಇರಲಿ, ಇಷ್ಟನ್ನು ಬರಹದಲ್ಲಿ ಪಡೆಯಿರಿ: ನೇರ ಕ್ಲೈಂಟ್ ಗಂಟೆ ಎಷ್ಟು, ಯಾವ ಆಸ್ಪತ್ರೆ, ಮೇಲ್ವಿಚಾರಕರ ವಿದ್ಯಾರ್ಹತೆ ಏನು, ವಾರಕ್ಕೆ ಎಷ್ಟು ಹೊತ್ತು ಸಿಗುತ್ತಾರೆ.

“ಮುಗಿದ ಮೇಲೆ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕ್ಬಹುದು” ಎಂಬುದು ಶುದ್ಧ ಸುಳ್ಳು. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ ಒಪ್ಪಿದ ಕೋರ್ಸು, ಆರ್‌ಸಿಐ ನೋಂದಣಿ ಎರಡೂ ಬೇಕು. ನೋಂದಣಿ ಇಲ್ಲದೆ ವೃತ್ತಿ ನಡೆಸಿದರೆ ಆ ಪರಿಷತ್ತಿನ 1992ರ ಕಾಯ್ದೆಯಡಿ ಒಂದು ವರ್ಷದವರೆಗೆ ಜೈಲು ಅಥವಾ ದಂಡ, ಕೆಲವೊಮ್ಮೆ ಎರಡೂ.

ಈಗಾಗಲೇ ಓಟಿಪಿ ಕೊಟ್ಟಾಗಿದ್ದರೆ ಮೊದಲು ಸಾಲದ ಷರತ್ತುಗಳ ಸಾರಾಂಶ ಪತ್ರವಾದ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ತೆಗೆದು ನೋಡಿ. ಡಿಜಿಟಲ್ ಸಾಲಕ್ಕೆ ಆರ್‌ಬಿಐ ಪ್ರಕಾರ ಕೂಲಿಂಗ್-ಆಫ್ ಅವಧಿ ಇರಲೇಬೇಕು. ಅಷ್ಟರೊಳಗೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕಟ್ಟಿ ದಂಡವಿಲ್ಲದೆ ಹೊರಬರಬಹುದು. ಅದು ಕೆಲವೇ ದಿನ, ಕೆಲವೆಡೆ ಒಂದೇ ದಿನ. ಅವಧಿ ಮೀರಿದ್ದರೆ ಸಿಟ್ಟಿನಲ್ಲಿ ಕಂತು ನಿಲ್ಲಿಸಬೇಡಿ, ಸಿಬಿಲ್ ಅಂಕ ಹಾಳಾಗುವುದು ನಿಮ್ಮದೇ. ಸಾಲ ಕೊಟ್ಟವರ ದೂರು ಅಧಿಕಾರಿಗೆ ಇಮೇಲ್ ಮಾಡಿ, 30 ದಿನದಲ್ಲಿ ಉತ್ತರ ಬಾರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಕೊಡಿ. ಕಂಪನಿಯ ವಿರುದ್ಧ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕಂಪನಿ ದೆಹಲಿಯದಾದರೂ ನೀವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹಾಕಬೇಕು. ಏಜೆಂಟ್ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದನ್ನೆಲ್ಲ ಅವನು ಅಳಿಸುವ ಮುಂಚೆಯೇ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ, ಯುಪಿಐ ರಸೀದಿಯಲ್ಲಿ ಹಣ ಯಾರ ಹೆಸರಿಗೆ ಹೋಗಿದೆ ಎಂಬುದರ ಸ್ಕ್ರೀನ್‌ಶಾಟ್ ಸಹಿತ.