ಕಲಬುರಗಿಯಲ್ಲಿ ತಂದ ಅಣು ಮಾದರಿ ಕಿಟ್: ಕೋನ ಸರಿ, ಉಪ್ಪಿಗೆ ಸಾಲದು

ಹೈಸ್ಕೂಲಿನಲ್ಲಿ ರಾಸಾಯನಿಕ ಬಂಧದ ಪಾಠ ಮಾಡುವವರು ಕಲಬುರಗಿಗೆ ಹೋದರೆ ಸೂಪರ್ ಮಾರ್ಕೆಟ್ ಕಡೆ ಪ್ರಯೋಗಶಾಲೆ ಸಾಮಾನಿನ ಅಂಗಡಿಯಲ್ಲಿ ಅಣು ಮಾದರಿಯ ಕಿಟ್ ಕೇಳಿ ನೋಡಿ. ನಾನು ಹುಮನಾಬಾದ್ ಹತ್ತಿರದ ಶಾಲೆಯೊಂದರ ವಿಜ್ಞಾನ ಶಿಕ್ಷಕಿ. ಕೈಯಿಂದ 650 ರೂಪಾಯಿ ಕೊಟ್ಟು ತಂದೆ, ದುಡ್ಡಿಗೆ ಮೋಸವಿಲ್ಲ. ಅಂಗಡಿಯವರು ಬೇಸರಪಡದೆ ಡಬ್ಬಿ ಬಿಚ್ಚಿ ತೋರಿಸಿದರು, ಜೋಡಿಸಿ ನೋಡಲೂ ಬಿಟ್ಟರು.

ಡಬ್ಬಿಯಲ್ಲಿ ಪರಮಾಣುಗಳಿಗೆ ತೂತಿರುವ ಬಣ್ಣದ ಗುಂಡು, ಬಂಧಗಳಿಗೆ ಕಡ್ಡಿ. ಕಪ್ಪು ಗುಂಡು ಕಾರ್ಬನ್, ಬಿಳಿ ಹೈಡ್ರೋಜನ್, ಕೆಂಪು ಆಕ್ಸಿಜನ್, ನೀಲಿ ನೈಟ್ರೋಜನ್, ಹಸಿರು ಕ್ಲೋರಿನ್. ಇಂಥ ಮಾದರಿಗಳಿಗೆ ದೊಡ್ಡ ಇತಿಹಾಸವಿದೆ. 1865ರಲ್ಲಿ ರಸಾಯನ ವಿಜ್ಞಾನಿ ಆಗಸ್ಟ್ ಹಾಫ್‌ಮನ್ ಲಂಡನ್ನಿನ ಉಪನ್ಯಾಸದಲ್ಲಿ ಕ್ರೋಕೆ ಆಟದ ಚೆಂಡುಗಳಿಗೆ ಬಣ್ಣ ಬಳಿದು, ಕಡ್ಡಿ ಸಿಕ್ಕಿಸಿ ತೋರಿಸಿದ್ದರು. ಒಂದು ಕಾರ್ಬನ್ನಿಗೆ ನಾಲ್ಕು ಹೈಡ್ರೋಜನ್ ಸೇರಿದ ಅವರ ಮೀಥೇನ್ ಮಾತ್ರ ಚಪ್ಪಟೆ ಇತ್ತು. ಕಾರ್ಬನ್ನಿನ ನಾಲ್ಕು ಬಂಧಗಳು ಚತುರ್ಮುಖಿಯ (ನಾಲ್ಕು ತ್ರಿಕೋನ ಮುಖಗಳ ಆಕೃತಿ) ಮೂಲೆಗಳತ್ತ ಚಾಚಿರುತ್ತವೆ ಎಂದು ವಿಜ್ಞಾನಿಗಳಾದ ವಾಂಟ್ ಹಾಫ್ ಮತ್ತು ಲೆ ಬೆಲ್ ಹೇಳಿದ್ದು 1874ರಲ್ಲಿ. ಈ ಕಿಟ್ಟಿನ ಕಪ್ಪು ಗುಂಡಿನ ತೂತುಗಳು ಆ ಲೆಕ್ಕದಲ್ಲೇ ಇವೆ, 109.5 ಡಿಗ್ರಿ. ನಾನು ಮೆಚ್ಚಿದ್ದೇ ಇದನ್ನು.

ಕೆಂಪು ಗುಂಡಿಗೆ ಎರಡು ಬಿಳಿ ಗುಂಡು ಸಿಕ್ಕಿಸಿದ ಹುಡುಗಿಯೊಬ್ಬಳು ಅದನ್ನು ಹೊರಳಿಸಿ ಹೊರಳಿಸಿ ನೋಡಿ, "ಟೀಚರ್, ಇದು ನೆಟ್ಟಗ ಯಾಕ ಇಲ್ರಿ?" ಅಂದಳು. ಬೋರ್ಡಿನ ಮೇಲೆ ನೀರಿನ ಅಣುವನ್ನು ಗೀಟೆಳೆದು ತೋರಿಸಿದಾಗ ಈ ಪ್ರಶ್ನೆ ಯಾರಿಗೂ ಬಂದಿರಲಿಲ್ಲ. ಆಕ್ಸಿಜನ್ನಿನ ಹೊರಕವಚದಲ್ಲಿ ಆರು ಎಲೆಕ್ಟ್ರಾನ್. ಅವುಗಳಲ್ಲಿ ಎರಡು, ಹೈಡ್ರೋಜನ್ ಜೊತೆ ಹಂಚಿಕೆಗೆ ಹೋಗುತ್ತವೆ, ಉಳಿದ ನಾಲ್ಕು ಎರಡು ಜೋಡಿಯಾಗಿ ಕೂತು ಬಂಧಗಳನ್ನು ಒಂದರತ್ತ ಒಂದು ತಳ್ಳುತ್ತವೆ. ಹಾಗಾಗಿ ಕೋನ 109.5ರಿಂದ 104.5 ಡಿಗ್ರಿಗೆ ಇಳಿಯುತ್ತದೆ. ಕೋನಮಾಪಕ ಹಿಡಿದು ನೋಡಿದೆವು, ಕಿಟ್ಟಿನಲ್ಲಿ 105ರ ಆಸುಪಾಸು ಬಂತು. ಬಾಗಿರುವುದರಿಂದಲೇ ಅಣುವಿನ ಒಂದು ಬದಿ ತುಸು ಋಣ, ಇನ್ನೊಂದು ಬದಿ ತುಸು ಧನ. ಅಣುಗಳು ಒಂದನ್ನೊಂದು ಎಳೆದು ಹಿಡಿಯುತ್ತವೆ. ನಮ್ಮ ಬೇಸಿಗೆಯಲ್ಲೂ ಕೊಡದಲ್ಲಿ ನೀರು ನೀರಾಗಿಯೇ ಉಳಿಯುವುದು ಈ ಎಳೆತದಿಂದ.

ಕಡ್ಡಿಗಳ ಬಗ್ಗೆ ತಕರಾರಿದೆ. ಬಂಧವೆಂದರೆ ನಡುವೆ ಏನೋ ಒಂದು ಗಟ್ಟಿ ವಸ್ತು ಎಂದು ಮಕ್ಕಳ ತಲೆಯಲ್ಲಿ ಕೂತುಬಿಡುತ್ತದೆ. ಇರುವುದು ಎರಡು ನ್ಯೂಕ್ಲಿಯಸ್‌ಗಳೂ ಎಳೆಯುವ ಒಂದು ಜೋಡಿ ಎಲೆಕ್ಟ್ರಾನ್ ಎಂದು ಬಾಯಲ್ಲಿ ಹೇಳಲೇಬೇಕು. ಎರಡು ಜೋಡಿ ಎಲೆಕ್ಟ್ರಾನ್ ಹಂಚಿಕೊಳ್ಳುವ ದ್ವಿಬಂಧಕ್ಕೆ ಉದ್ದ ಕಡ್ಡಿ ಬಗ್ಗಿಸಿ ಹಾಕುವುದರಿಂದ ಏಕಬಂಧಕ್ಕಿಂತ ಅದೇ ಹೆಚ್ಚು ಉದ್ದವೆಂದು ಕಾಣುತ್ತದೆ. ನಿಜಕ್ಕೂ ಅದು ಗಿಡ್ಡ: ಕಾರ್ಬನ್-ಕಾರ್ಬನ್ ಏಕಬಂಧ 154 ಪಿಕೋಮೀಟರ್ (ಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು ಒಂದು ಪಿಕೋಮೀಟರ್), ದ್ವಿಬಂಧ 134.

ಉಪ್ಪಿಗೆ ಈ ಡಬ್ಬಿ ಸಾಲದು. ಉಪ್ಪಿನ ಹರಳಿನಲ್ಲಿರುವುದು ಅಯಾನುಗಳು, ಅಂದರೆ ವಿದ್ಯುದಾವೇಶವಿರುವ ಪರಮಾಣುಗಳು: ಸೋಡಿಯಂ ಧನ, ಕ್ಲೋರೈಡ್ ಋಣ. ಒಂದೊಂದು ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್, ಒಂದೊಂದು ಕ್ಲೋರೈಡ್ ಸುತ್ತ ಆರು ಸೋಡಿಯಂ. ಆರು ತೂತಿನ ಗುಂಡು ಇದರಲ್ಲಿಲ್ಲ. ಲೋಹದ ಪರಮಾಣುಗಳನ್ನು ಹಿಡಿದಿಡುವ ಲೋಹೀಯ ಬಂಧವನ್ನಂತೂ ಯಾವ ಕಡ್ಡಿಯಿಂದಲೂ ತೋರಿಸಲಾಗದು. ಅದಕ್ಕೆ ನಾನು ಮನೆಯಿಂದ ಬಿದ್ರಿ ಹೂದಾನಿ ಒಯ್ಯುತ್ತೇನೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿದ ಎರಕ, ಅದರಲ್ಲಿ ಕೊರೆದ ಗೆರೆಗೆ ಬೆಳ್ಳಿ ತಂತಿ ಕೂರಿಸಿ ಸುತ್ತಿಗೆಯಲ್ಲಿ ಬಡಿದಿರುತ್ತಾರೆ. ಬಡಿದರೂ ತಂತಿ ಒಡೆಯಲಿಲ್ಲ ಏಕೆ? ಬೆಳ್ಳಿಯ ಪರಮಾಣು ಪದರಗಳು ಜಾರಿದರೂ ಎಲ್ಲಕ್ಕೂ ಸೇರಿದ ಸಡಿಲ ಎಲೆಕ್ಟ್ರಾನುಗಳು ಅವನ್ನು ಬಿಗಿದೇ ಇಟ್ಟಿರುತ್ತವೆ. ಅದೇ ಸುತ್ತಿಗೆಯನ್ನು ಉಪ್ಪಿನ ಹರಳಿಗೆ ಹಾಕಿ, ಪದರ ಜಾರಿದ ಕೂಡಲೇ ಧನಕ್ಕೆ ಧನ, ಋಣಕ್ಕೆ ಋಣ ಎದುರಾಗಿ ಹರಳು ಚೂರಾಗುತ್ತದೆ. ಮಕ್ಕಳ ಕೈಯಲ್ಲೇ ಇದನ್ನು ಮಾಡಿಸಿ, ಕಣ್ಣಿಗೆ ಮಾತ್ರ ಏನಾದರೂ ಅಡ್ಡ ಇರಲಿ.

ಬಿಳಿ ಗುಂಡುಗಳು ಸಣ್ಣವು, ಬೆಂಚಿನ ಕೆಳಗೆ ಉರುಳಿ ಹೋಗುತ್ತವೆ, ತಟ್ಟೆಯಲ್ಲಿಟ್ಟು ಕೊಡಿ. ಕೆಲವು ತೂತು ಬಳಸಿದಂತೆ ಸಡಿಲವಾಗಿವೆ. ಕಡ್ಡಿಗಳ ಪೊಟ್ಟಣ ಬೇರೆಯಾಗಿಯೂ ಸಿಗುತ್ತದೆ, ಡಬ್ಬಿ ಜೊತೆಗೇ ಒಂದು ತಗೊಳ್ಳಿ. ಪಿಯು ಉಪನ್ಯಾಸಕರಾದರೆ ಆರು ತೂತಿನ ಗುಂಡುಗಳಿರುವ ಕಿಟ್ಟನ್ನೇ ಕೇಳಿ. ಅದು ಅಂಗಡಿಯಲ್ಲಿ ಇರಲಿಲ್ಲ, ಹೇಳಿದರೆ ತರಿಸಿಕೊಡುತ್ತಾರಂತೆ.