ಮಿಡ್‌ಲ್ಯಾಂಡ್ ಮೋಟೆಲ್: ರೂಮ್ ಪರ್ವಾಗಿಲ್ಲ, ರೇಟ್ ಮಾತ್ರ ಕ್ರೂಡ್ ಆಯಿಲ್ ಕೈಲಿ (3/5)

ಕೆಲಸದ ಮೇಲೆ ಅಮೆರಿಕದ ಟೆಕ್ಸಾಸ್‌ನಲ್ಲಿರೋ ಎಣ್ಣೆ ಬಾವಿಗಳ ಊರು ಮಿಡ್‌ಲ್ಯಾಂಡ್ ಕಡೆ ಹೋಗೋರು ಓದ್ಕೊಳ್ಳಿ. ಇಂಟರ್‌ಸ್ಟೇಟ್ 20 ಪಕ್ಕದ ಎರಡಂತಸ್ತಿನ ಮೋಟೆಲ್, ಹೆಸರು ಬೇಡ ಬಿಡಿ. ಬೇರೆ ಕಡೆ ವೀಕೆಂಡ್ ರೇಟ್ ಜಾಸ್ತಿ ಇರುತ್ತೆ, ಇಲ್ಲಿ ಉಲ್ಟಾ, ಸೋಮವಾರದಿಂದ ಗುರುವಾರ ತನಕ ಹತ್ರ ಹತ್ರ ಡಬಲ್, ಯಾಕಂದ್ರೆ ಆಯಿಲ್ ಫೀಲ್ಡ್ ಹುಡುಗ್ರೆಲ್ಲ ಆಗಲೇ ಬಂದು ತುಂಬ್ಕೊಳ್ಳೋದು, ಬಿಲ್ ಕಟ್ಟೋದು ಕಂಪನಿ, ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ.

ಬೆಡ್ ಚೆನ್ನಾಗಿದೆ, ಎಸಿ ಗುರ್ ಅನ್ನುತ್ತೆ. ದಿನಾ ಕ್ಲೀನ್ ಮಾಡಲ್ಲ, ಟವೆಲ್ ನಾವೇ ಹೋಗಿ ಈಸ್ಕೊಂಡು ಬರ್ಬೇಕು, ಕೇಳಿದ್ರೆ ಓನರ್ ಗುಜರಾತಿ ಭಾಯ್, ಕೆಲಸಕ್ಕೆ ಬಂದೋರು ನಿಲ್ಲಲ್ಲ, ಆಯಿಲ್ ಕ್ಯಾಂಪಲ್ಲಿ ಜಾಸ್ತಿ ಸಂಬಳ ಅಂತ ಓಡ್ತಾರೆ ಅಂದ್ರು. 2020 ಏಪ್ರಿಲಲ್ಲಿ ಕ್ರೂಡ್ ರೇಟ್ ಬ್ಯಾರೆಲ್‌ಗೆ ಮೈನಸ್ 37 ಡಾಲರ್‌ಗೂ ಕೆಳಗೆ ಬಿತ್ತಲ್ಲ (ಅಂದ್ರೆ ಮಾರೋರೇ ಕೈಯಿಂದ ದುಡ್ಡು ಕೊಟ್ಟು ಸಾಗಹಾಕೋ ಪರಿಸ್ಥಿತಿ), ಆಗ ಪಾರ್ಕಿಂಗ್ ಪೂರ್ತಿ ಖಾಲಿ ಹೊಡೀತಿತ್ತಂತೆ. ಲಾಂಡ್ರಿಲಿ ಎಣ್ಣೆ ಬಟ್ಟೆಗೇ ಅಂತ ಬೇರೆ ಮಷೀನ್ ಇಟ್ಟಿದಾರೆ, ಬೋರ್ಡೂ ಹಾಕಿದಾರೆ, ಆದ್ರೆ ಯಾವನೋ ಪುಣ್ಯಾತ್ಮ ಮಾಮೂಲಿ ಮಷೀನಿಗೇ ಹಾಕಿದ್ದ, ನನ್ನ ಬಿಳಿ ಶರ್ಟ್ ಈಗ್ಲೂ ಡೀಸೆಲ್ ವಾಸನೆ.

ತಿಂಡಿ ಅಷ್ಟಕ್ಕಷ್ಟೆ (ಕೇಳಿದ್ರೆ ಶುಂಠಿ ಚಹಾ ಮಾಡ್ಕೊಡ್ತಾರೆ, ಅದು ಸೂಪರ್), ಆದ್ರೆ ಅಲ್ಲಿ ಸಿಗೋ ಮಾತು ಬೇರೆಲ್ಲೂ ಸಿಗಲ್ಲ. ನಮ್ಮ ದೇಶದಲ್ಲಿ ಜಮೀನು ನಮ್ಮದಾದ್ರೂ ಕೆಳಗಿರೋ ಎಣ್ಣೆ ಸರ್ಕಾರದ್ದು, ಅಲ್ಲಿ ಖಾಸಗಿಯವರದ್ದೂ ಆಗಬಹುದು, ಲೀಸ್ ಕೊಟ್ರೆ ಮುಂಗಡ ಬೋನಸ್ಸು, ಆಮೇಲೆ ರಾಯಲ್ಟಿ ಅಂತ ತೆಗೆದ ಎಣ್ಣೆಯಲ್ಲಿ ಪಾಲು, ಮೊದಲೆಲ್ಲ ಎಂಟರಲ್ಲೊಂದು ಪಾಲು ಇತ್ತು, ಈಗ ನಾಲ್ಕರಲ್ಲೊಂದು ಪಾಲಿನ ತನಕ ಚೌಕಾಸಿ ಮಾಡ್ತಾರೆ. ಪಕ್ಕದ ಟೇಬಲ್ಲಿನ ಅಜ್ಜನ ಕಥೆ ಮಾತ್ರ ಬೇಜಾರು, ಹುಲ್ಲುಗಾವಲು ಅವರದ್ದೇ, ಆದ್ರೆ ಅವರ ತಾತನ ಕಾಲದಲ್ಲೇ ಯಾರೋ ಮಿನರಲ್ ಹಕ್ಕು (ನೆಲದ ಕೆಳಗಿನ ಎಣ್ಣೆ, ಖನಿಜದ ಹಕ್ಕು) ಬೇರೆ ಮಾಡಿ ಮಾರಿದಾರೆ, ಟೆಕ್ಸಾಸ್ ಕಾನೂನಲ್ಲಿ ಮೇಲಿನ ಜಮೀನಿಗಿಂತ ಕೆಳಗಿನ ಹಕ್ಕೇ ದೊಡ್ಡದು, ಎಣ್ಣೆ ಬಾವಿ ಕೊರೀಬೇಡಿ ಅನ್ನೋಕಾಗಲ್ಲ, ಲಾರಿ ಓಡಾಡಿದ ಧೂಳು ಇವರಿಗೆ, ಚೆಕ್ ಇನ್ಯಾರಿಗೋ. ಊರು ಬೆಳೀತಿರೋದು ನಿಜ, ಅದನ್ನ ಸುಳ್ಳು ಅನ್ನಲ್ಲ, ಕೆಲಸ ಇಲ್ಲ ಅನ್ನೋರು ಒಬ್ರೂ ಸಿಗಲಿಲ್ಲ, ಆದ್ರೆ ರಾಯಲ್ಟಿ ಬರದೋರಿಗೂ ಬಾಡಿಗೆ ಏರೋದು ಒಂದೇ ಥರ.

ಹೋಗೋದಾದ್ರೆ ಶುಕ್ರವಾರ ಚೆಕ್ ಇನ್ ಮಾಡಿ, ಹಿಂದುಗಡೆ ರೂಮೇ ಕೇಳಿ, ಮುಂದೆ ನಾಲ್ಕು ಗಂಟೆಗೇ ಪಿಕಪ್ ಟ್ರಕ್ ಸ್ಟಾರ್ಟ್ ಮಾಡ್ತಾರೆ.