ಗ್ಲುಟೆನ್ ರಹಿತ ಹಿಟ್ಟು: ಸೀಲಾದ ಪ್ಯಾಕೆಟ್ಟೋ, ಬಿಡಿ ಹಿಟ್ಟೋ?

ಸೀಲಿಯಾಕ್ ಕಾಯಿಲೆ (ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ತಿಂದರೆ ಸಣ್ಣ ಕರುಳು ಕೆಡುವ ಕಾಯಿಲೆ) ಇರುವವರು ಬಿಡಿಯಾಗಿ ತೂಗಿಕೊಡುವ ಹಿಟ್ಟಿನ ತಂಟೆಗೇ ಹೋಗಬಾರದು. ಅಕ್ಕಿ ಹಿಟ್ಟಿನಲ್ಲಿ ಗ್ಲುಟೆನ್ ಇಲ್ಲ, ನಿಜ. ಆದರೆ ಪಕ್ಕದ ಡಬ್ಬದ ಮೈದಾಕ್ಕೆ ಹಾಕಿದ ಸೌಟೇ ಇದಕ್ಕೂ ಬಿದ್ದರೆ? 'ಗ್ಲುಟೆನ್ ರಹಿತ' ಎನ್ನಲು ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್‌ನ ಮಿತಿ ಕಿಲೋಗೆ 20 ಮಿಲಿಗ್ರಾಂ ಗ್ಲುಟೆನ್. ಮೈದಾದಲ್ಲಿ ಶೇ. 8ರಷ್ಟು ಗ್ಲುಟೆನ್ ಅಂತ ಲೆಕ್ಕ ಹಿಡಿದರೂ, ಒಂದು ಕಿಲೋ ಅಕ್ಕಿ ಹಿಟ್ಟು ಕೆಡಲು ಕಾಲು ಗ್ರಾಂ ಮೈದಾ ಸಾಕು. ಅಂದರೆ ಒಂದು ಚಿಟಿಕೆ.

ಸೀಲಾದ ಪ್ಯಾಕೆಟ್ ಇದಕ್ಕಿಂತ ಎಷ್ಟೋ ವಾಸಿ, ಲೇಬಲ್ ಓದಿದರೆ ಮಾತ್ರ. 'ಗೋಧಿ ರಹಿತ' ಎಂದರೆ 'ಗ್ಲುಟೆನ್ ರಹಿತ' ಎಂದಲ್ಲ; ಬಾರ್ಲಿ, ರೈ ಒಳಗಿರಬಹುದು. ಮಾಲ್ಟ್ ಎಂದು ಕಂಡರೆ ಅದು ಸಾಮಾನ್ಯವಾಗಿ ಬಾರ್ಲಿಯದೇ. ಓಟ್ಸ್‌ಗೆ ಹೊಲದಲ್ಲಿ, ಲಾರಿಯಲ್ಲಿ ಗೋಧಿ-ಬಾರ್ಲಿ ಬೆರೆತಿರುವುದು ಮಾಮೂಲು, ಹಾಗಾಗಿ ಗ್ಲುಟೆನ್ ರಹಿತ ಎಂದೇ ಬರೆದದ್ದು ಬೇಕು. ಎಲ್ಲರೂ ಮರೆಯುವುದು ಬೇಕಿಂಗ್ ಪೌಡರ್: ಕೆಲವದರಲ್ಲಿ ಗೋಧಿ ಪಿಷ್ಟ ಸೇರಿರುತ್ತದೆ.

ಬೇಯಿಸಿದ ಮೇಲೆ? ಪಿಷ್ಟ ಹೆಚ್ಚಿರುವ ಗ್ಲುಟೆನ್ ರಹಿತ ಹಿಟ್ಟಿನ ಮಿಕ್ಸ್ ಕೇಕ್‌ಗೆ ಚೆನ್ನ, ಬ್ರೆಡ್‌ಗೆ ಸಾಲದು. ಮಿಕ್ಸ್‌ನಲ್ಲಿ ಕ್ಸಾಂಥನ್ ಗಮ್ (ಗ್ಲುಟೆನ್ ಬದಲಿಗೆ ಹಿಟ್ಟಿಗೆ ಅಂಟು ಕೊಡುವ ಪುಡಿ) ಇಲ್ಲದಿದ್ದರೆ 140 ಗ್ರಾಂ ಹಿಟ್ಟಿಗೆ ಕೇಕ್‌ಗೆ ಕಾಲು ಟೀ ಚಮಚ, ಬ್ರೆಡ್‌ಗೆ ಒಂದು ಟೀ ಚಮಚ. ಮೊದಲೇ ಇರುವುದಕ್ಕೆ ಮತ್ತೆ ಹಾಕಿದರೆ ಕೇಕ್ ರಬ್ಬರ್. ಅಕ್ಕಿ ಹಿಟ್ಟು ಹಲ್ಲಿಗೆ ಮರಳಿನಂತೆ ಸಿಕ್ಕರೆ, ಕಲಸಿದ್ದನ್ನು ಅರ್ಧ ಗಂಟೆ ನೆನೆಯಲು ಬಿಡಿ.

ಇಷ್ಟು ನೋಡಿ ತಂದದ್ದೂ ಮನೆಯ ಜರಡಿಯಲ್ಲಿ ಕೆಡುತ್ತದೆ. ಅದರ ಜಾಲರಿಯಲ್ಲಿ, ಅಂಚಿನ ಮಡಿಕೆಯಲ್ಲಿ ಕೂತ ಮೈದಾ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಜರಡಿ, ಮರದ ಸೌಟು, ಲಟ್ಟಣಿಗೆ ಬೇರೆಯೇ ಇರಲಿ. ಸ್ಟೀಲ್, ಗಾಜಿನ ಪಾತ್ರೆಗೆ ಸೋಪು ಹಾಕಿ ಉಜ್ಜಿದರೆ ಸಾಕು. ಬಿಸಿಗೆ ಗ್ಲುಟೆನ್ ನಾಶವಾಗದು, ಅದು ಕ್ರಿಮಿಯಲ್ಲವಲ್ಲ! ಗಾಳಿಗೆ ಎದ್ದ ಮೈದಾ ತುಂಬಾ ಹೊತ್ತು ತೇಲಾಡಿ ಎಲ್ಲೆಲ್ಲೋ ಕೂರುತ್ತದೆ. ಆದ್ದರಿಂದ ಗ್ಲುಟೆನ್ ರಹಿತ ಅಡುಗೆ ಮೊದಲು, ಮೈದಾದ್ದು ಆಮೇಲೆ. ಫ್ಯಾನ್ ಇರುವ ಓವನ್‌ನಲ್ಲಿ ಎರಡನ್ನೂ ಒಟ್ಟಿಗೆ ಇಡಬೇಡಿ.

ಹಿಟ್ಟನ್ನು ಡಬ್ಬಕ್ಕೆ ಸುರಿದರೆ ಪ್ಯಾಕೆಟ್ಟಿನ ಬ್ಯಾಚ್ ನಂಬರ್ ಕತ್ತರಿಸಿ ಅದರ ಮೇಲೆ ಅಂಟಿಸಿ. ಕಂಪನಿ ಮಾಲು ವಾಪಸ್ ಕರೆಸಿಕೊಂಡಾಗ ನಿಮ್ಮ ಹಿಟ್ಟು ಅದರಲ್ಲಿದೆಯೇ ಎಂದು ನೋಡುವುದು ಆ ನಂಬರಿನಿಂದಲೇ.